ಅಳಿಸಿದ್ದು ನಾನೇ ಅಂದೆ

ಮಾರ್ಚ್ ೧೨, ಮಂಗಳವಾರ

ಮೇಷ್ಟ್ರ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನನಗೆ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಲಿಸಿದವರು. ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಕರೆಯುವುದು ಮೇಷ್ಟ್ರು ಅಂತಲೇ. ಬೆಳಿಗ್ಗೆ ಹಳೆಯ ಫೈಲುಗಳನ್ನು ತೆಗೆಯಲು ಹೋಗಿ, ಅಳಿಸುವ ಆದೇಶದಲ್ಲಿ ಒಂದು ಸ್ಪೇಸ್ ಹೆಚ್ಚಾಗಿ ಒತ್ತಿ, ಕಂಪ್ಯೂಟರ್ ನಡೆಸುವ ಸಿಸ್ಟಂ ಫೈಲುಗಳನ್ನೇ ಅಳಿಸಿಬಿಟ್ಟರು. ಪಕ್ಕದಲ್ಲೇ ಕೂತಿದ್ದ ನಾನು ಬೇಡ ಅನ್ನುವಷ್ಟರಲ್ಲಿ ಎಂಟರ್ ಒತ್ತಿ ಆಗಿತ್ತು.

ಪುಣ್ಯಕ್ಕೆ ಅದೇ ಕಂಪ್ಯೂಟರಿನಲ್ಲಿ ನನ್ನ ಲಾಗಿನ್ ಇನ್ನೂ ತೆರೆದಿತ್ತು. ಆರಿಸಿದರೆ ಕಂಪ್ಯೂಟರ್ ಮತ್ತೆ ಶುರುವಾಗುತ್ತಿರಲಿಲ್ಲ; ಯಾರಿಗೂ ಅದನ್ನು ಆರಿಸಲು ಬಿಡದೆ, ಅಂಥದೇ ಇನ್ನೊಂದು ಕಂಪ್ಯೂಟರಿನಿಂದ ಒಂದೊಂದೇ ಫೈಲು ತಂದು ಸೇರಿಸಿದೆ. ಸಂಜೆ ಹೊತ್ತಿಗೆ ಎಲ್ಲ ಸರಿಹೋಯಿತು. ಮೇಷ್ಟ್ರು ಬಂದು ಹೆಗಲ ಮೇಲೆ ಕೈಯಿಟ್ಟರು.

"ಯಾರಮ್ಮ ಹೀಗೆ ಮಾಡಿದ್ದು?"

ತಮಾಷೆ ಅಂದುಕೊಂಡೆ. ಅಲ್ಲ, ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಈಚೆಗೆ ಮನೆಯ ದಾರಿಯೂ ತಪ್ಪುತ್ತಾರೆ ಅಂತ ಅವರ ಹೆಂಡತಿ ಹೇಳಿದಾಗ ನಾನು ನಂಬಿರಲಿಲ್ಲ.

"ನಾನೇ ಮೇಷ್ಟ್ರೇ, ಕೈತಪ್ಪಿ ಆಯ್ತು."

"ಹೋಗ್ಲಿ ಬಿಡು, ಅಳ್ಬೇಡ. ಎಂಟರ್ ಒತ್ತೋ ಮುಂಚೆ ಇನ್ನೊಂದ್ಸಲ ಓದ್ಕೋ, ಅಷ್ಟೇ."

ನಾನು ಅಳುತ್ತಿದ್ದದ್ದು ಅದಕ್ಕಲ್ಲ.

ಇನ್ನು ಅವರ ಕೈಗೆ ಆ ಕಂಪ್ಯೂಟರನ್ನು ಕೊಡುವಂತಿಲ್ಲ. ಹೊರಡುವಾಗ ಅದರ ಪಾಸ್‌ವರ್ಡ್ ಬದಲಾಯಿಸಿ ಬಂದೆ. ನಾಳೆ ಬಂದು ಕೂರುತ್ತಾರೆ, ಹಳೆಯದನ್ನೇ ಒತ್ತುತ್ತಾರೆ. ತಮಗೇ ಮರೆತುಹೋಯಿತು ಅಂದುಕೊಂಡು, ನಾಚಿಕೊಂಡು, ನನ್ನ ಕಡೆ ತಿರುಗುತ್ತಾರೆ. ಆಗ, ಬದಲಾಯಿಸಿದ್ದು ನಾನೇ ಅಂತ ಹೇಳಲು ನನ್ನಿಂದಾಗದು.