ಹೇಳದೆ ಎದ್ದು ಬಂದದ್ದಕ್ಕೆ

ಕಡೂರು
18 ಜುಲೈ 2024

ಪ್ರೀತಿಯ ಯಾಸ್ಮಿನ್‌ಗೆ,

ನೀನೂ ಅಮ್ಮೀನೂ ಅಜ್ಜಂಪುರದಲ್ಲಿ ಚೆನ್ನಾಗಿದ್ದೀರಿ ಅಂತ ರಘುನಾಥ್ ಮೇಷ್ಟ್ರು ಹೇಳಿದರು. ಸಕ್ಕರೆ ಕಾಯಿಲೆ ಬಿಟ್ಟರೆ ನಾನೂ ಚೆನ್ನಾಗಿದ್ದೀನಿ. ಒಂದೂವರೆ ವರ್ಷ ಒಂದು ಫೋನೂ ಮಾಡದವಳು ಈಗ ಕಾಗದ ಬರೆಯುತ್ತಿದ್ದಾಳಲ್ಲ ಅಂತ ಸಿಟ್ಟು ಬಂದರೆ ಬರಲಿ, ಓದಿ ಮುಗಿಸಿ ಆಮೇಲೆ ಹರಿದುಹಾಕು. ವಾಟ್ಸಾಪಿನಲ್ಲಿ ನಾಲ್ಕು ಸಲ ಬರೆದು ಅಳಿಸಿದೆ. ಅದರಲ್ಲಿ ನನ್ನ ಮಾತು ನೆಟ್ಟಗೆ ಬರಲಿಲ್ಲ.

ಮೊದಲು ಶಾಲೆಯ ಸುದ್ದಿ. ನೀನು ರಜೆಯಿಂದಲೇ ನೇರ ವರ್ಗ ಮಾಡಿಸಿಕೊಂಡು ಹೋದ ಮೇಲೆ ನಮ್ಮ ತರೀಕೆರೆ ಶಾಲೆಗೆ ತಮ್ಮಯ್ಯನವರು ಹೆಡ್ಮಾಸ್ಟರ್ ಆಗಿ ಬಂದಿದ್ದಾರೆ. ಒಳ್ಳೆಯವರು, ಆದರೆ ವಾರಕ್ಕೊಂದು ಹೊಸ ಕಾನೂನು. ಕಳೆದ ತಿಂಗಳು, ಮಕ್ಕಳು ಮನೆಗೆ ಹೊರಡುವಾಗ 'ಬೈ ಸಾರ್' ಅನ್ನಕೂಡದು ಅಂತ ಪ್ರಾರ್ಥನೆಯಲ್ಲಿ ಸಾರಿದರು. "ಹೋಗಿ ಬತ್ತೀವಿ ಅನ್ರೋ. ಬೈ ಅಂದ್ರೆ ಅಲ್ಲಿಗೆ ಕಡ್ಕಂಡಂಗೆ. ತಿರುಗಿ ಬರೋ ಮಾತೇ ಇಲ್ಲ ಅದ್ರಲ್ಲಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನೀವು ಇಂಗ್ಲಿಷ್‌ನೋರು, ಸೋಮವಾರ ಇದ್ರ ಬಗ್ಗೆ ಐದು ನಿಮಿಷ ಮಾತಾಡ್ಬಿಡಿ" ಅಂತ ನನ್ನ ತಲೆಗೆ ಕಟ್ಟಿದರು.

ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದ್ದೀನಿ, ಆ ಪದ ಎಲ್ಲಿಂದ ಬಂತು ಅಂತ ಒಂದು ದಿನವೂ ನೋಡಿರಲಿಲ್ಲ ಕಣೇ. ಲೈಬ್ರರಿಯ ದಪ್ಪ ಡಿಕ್ಷನರಿ ತೆಗೆದೆ. ಬೈ ಎನ್ನುವುದು ಗುಡ್‌ಬೈ ಎಂಬುದರ ಬಾಲ. ಆ ಗುಡ್‌ಬೈ ಮೊದಲು 'ಗಾಡ್ ಬಿ ವಿತ್ ಯೀ' ಅಂತಿತ್ತಂತೆ. ದೇವರು ನಿನ್ನ ಜೊತೆ ಇರಲಿ ಅಂತ. ನಾನೂರು ವರ್ಷಕ್ಕೂ ಹಿಂದೆಯೇ ಜನ ಅದನ್ನು ಅವಸರದಲ್ಲಿ ನುಂಗಿ ನುಂಗಿ ಆಡಲು ಶುರು ಮಾಡಿದ್ದರು. ಗುಡ್ ಡೇ, ಗುಡ್ ನೈಟ್‌ಗಳ ಸಹವಾಸಕ್ಕೆ ಬಿದ್ದು ಗಾಡ್ ಹೋಗಿ ಗುಡ್ ಆಯಿತು. ಕೊನೆಗೆ ದೇವರೂ ಇಲ್ಲ, ಒಳ್ಳೆಯದೂ ಇಲ್ಲ, ಬರೀ ಬೈ ಉಳಿಯಿತು. ಓದಿದಾಗ ನನಗೆ ತಟ್ಟನೆ ನೆನಪಾದದ್ದು ನಿಮ್ಮ ಅಮ್ಮೀ. ನಾನು ಹೊರಟಾಗಲೆಲ್ಲ ಬಾಗಿಲವರೆಗೆ ಬಂದು 'ಖುದಾ ಹಾಫಿಜ್' ಅನ್ನುತ್ತಿದ್ದರು. ಹಾಗಂದ್ರೇನು ಅಂತ ಕೇಳಿದ್ದಕ್ಕೆ, "ದೇವ್ರು ಕಾಯ್ಲಿ ಅಂತ ಕಣಮ್ಮಾ" ಅಂದಿದ್ದರು. ಸೋಮವಾರ ಮಕ್ಕಳಿಗೆ ಇದನ್ನೆಲ್ಲ ಹೇಳಿದೆ. ತಮ್ಮಯ್ಯನವರ ಮುಖ ಹುಳ್ಳಗಾಯಿತು. ಈಗ ಮಕ್ಕಳು 'ಬೈ', 'ಹೋಗಿ ಬತ್ತೀವಿ' ಎರಡನ್ನೂ ಅನ್ನುತ್ತಾರೆ.

ಆವತ್ತೇ ಸ್ಟಾಫ್ ರೂಮಿನಲ್ಲಿ ರಘುನಾಥ್ ಮೇಷ್ಟ್ರು ಹತ್ತಿರ ಬಂದು, "ಮೇಡಂ, ಯಾಸ್ಮಿನ್ ಮೇಡಂ ಟ್ರೇನಿಂಗಲ್ಲಿ ಸಿಕ್ಕಿದ್ರು. ಅನು ಅವತ್ತು ಒಂದು ಮಾತೂ ಆಡ್ದೆ ಯಾಕೆ ಹೊರಟೋದ್ಲು ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು" ಅಂದರು. ಊಟದ ಡಬ್ಬಿ ತೆಗೆಯಲು ಮನಸ್ಸಾಗಲಿಲ್ಲ.

ಅವತ್ತು ಅಂದರೆ ನಿನ್ನ ಜಾವೀದ್ ತೀರಿಕೊಂಡ ದಿನ. ಹೆಂಗಸರ ನಡುವೆ ನಿನ್ನ ಕೈ ಹಿಡಿದು ಒಂದು ಗಂಟೆ ಕೂತಿದ್ದೆ. ಎದ್ದಾಗ ನೀನು "ಹೊರಟ್ಯಾ ಅನು?" ಅಂದೆ. ನಾನು ಉತ್ತರ ಕೊಡದೆ, ತಿರುಗಿ ನೋಡದೆ ಬಂದೆ. ನಮ್ಮಲ್ಲಿ ಸಾವಿನ ಮನೆಯಿಂದ ಏಳುವಾಗ ಹೋಗಿ ಬರ್ತೀನಿ ಅನ್ನುವ ಹಾಗಿಲ್ಲ ಯಾಸ್ಮಿನ್. ಹಾಗಂದರೆ ಇಂಥದ್ದೇ ಇನ್ನೊಂದು ಕಾರಣಕ್ಕೆ ಮತ್ತೆ ಬರ್ತೀನಿ ಅಂದಂತೆ. ನಮ್ಮಮ್ಮ ಕಮಲಾಕ್ಷಮ್ಮ ಚಿಕ್ಕಂದಿನಲ್ಲೇ ತಲೆಗೆ ತುಂಬಿದ್ದು ಇದು. ನಿಮ್ಮಲ್ಲಿ ಆ ಪದ್ಧತಿ ಇಲ್ಲ, ನೀನು ಒಂದು ಮಾತಿಗೆ ಕಾಯುತ್ತೀಯ ಅಂತ ನನಗೆ ಹೊಳೆಯಲಿಲ್ಲ. ಹನ್ನೊಂದು ವರ್ಷ ಕಡೂರಿಂದ ತರೀಕೆರೆಗೆ ಒಂದೇ ಸೀಟಿನಲ್ಲಿ ಕೂತು ಓಡಾಡಿದವಳಿಗೆ ಅಷ್ಟು ಹೊಳೆಯಬೇಕಿತ್ತು. ತಪ್ಪಾಯಿತು ಕಣೇ.

ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಅಜ್ಜಂಪುರಕ್ಕೆ ಬರೋಣ ಅಂತಿದ್ದೀನಿ. ನಿನಗೆ ಬೇಡ ಅನ್ನಿಸಿದರೆ ಒಂದು ಸಾಲು ಬರೆದುಬಿಡು. ನನಗೆ ಬೇಜಾರಾಗುತ್ತೆ, ಆದರೂ ಬರುವುದಿಲ್ಲ.

ಅಮ್ಮೀಯ ಮಂಡಿನೋವು ಕಮ್ಮಿಯಾಗಲಿ. ನಿನ್ನ ಹೊಸ ಶಾಲೆಯಲ್ಲಿ ನಿನಗೆ ಒಳ್ಳೆಯ ಜೊತೆ ಸಿಗಲಿ, ನಿನ್ನ ಮನಸ್ಸು ತಂಪಾಗಿರಲಿ.

ನಿನ್ನ
ಅನುಪಮಾ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಕಿತ್ತೆ. ಪದ್ಧತಿಯ ಮಾತು ನಿಜ, ಪೂರ್ತಿ ನಿಜ ಅಲ್ಲ. ನಲವತ್ತನೇ ದಿನಕ್ಕೆ ನೀನು ಹೇಳಿ ಕಳಿಸಿದರೂ ಬರಲಿಲ್ಲವಲ್ಲ, ಅದು ಯಾವ ಪದ್ಧತಿ? ಅವತ್ತು ನಾನು ಒಳಗೆ ಬರುವ ಮೊದಲೇ ಜಗಲಿಯಲ್ಲಿ ನಿನ್ನ ಭಾವ ಗೌಸ್ ಪೀರ್ ಅವರು, "ಕಾಯಿಲೆ ಗೊತ್ತಾಗಿ ಎಂಟು ತಿಂಗಳಾಗಿತ್ತು ಮೇಡಂ, ಮೂರು ಸಲ ಮಂಗಳೂರು ಆಸ್ಪತ್ರೆಗೆ ಕರ್ಕೊಂಡೋಗಿದ್ವಿ" ಅಂದರು. ಆ ಮೂರು ಸಲವೂ ನೀನು ನೆಂಟರ ಮದುವೆ ಅಂತ ರಜೆ ಹಾಕಿದ್ದೆ, ನಿನ್ನ ಕ್ಲಾಸಿಗೆ ನಾನು ಹೋಗಿದ್ದೆ. ನಿನ್ನ ಕೈ ಹಿಡಿದು ಕೂತಷ್ಟು ಹೊತ್ತೂ ನನಗೆ ಸಿಟ್ಟಿತ್ತು. ಅದಕ್ಕೇ ತಿರುಗಿ ನೋಡಲಿಲ್ಲ. ಗಂಡನನ್ನು ಕಳೆದುಕೊಂಡವಳ ಮೇಲೆ ಸಿಟ್ಟಾದೆನಲ್ಲ ಅಂತ ನಾಚಿಕೆಯಾಗಿ ಆಮೇಲೆ ಮುಖ ತೋರಿಸಲಿಲ್ಲ. ಊರಿಗೆಲ್ಲ ಹೇಳಬೇಕಿರಲಿಲ್ಲ ನೀನು. ಆದರೆ ಬಸ್ಸಿನಲ್ಲಿ ನಿನ್ನ ಪಕ್ಕ ಕೂತು ನಾನು ಹುಚ್ಚಿ ಥರ ಮದುವೆ ಊಟ ಹೇಗಿತ್ತು, ಹುಡುಗಿ ಯಾವ ಬಣ್ಣದ ಬಟ್ಟೆ ಹಾಕಿದ್ದಳು ಅಂತ ಕೇಳುತ್ತಿದ್ದಾಗ, ಇವಳೊಬ್ಬಳಿಗೆ ಹೇಳಿಬಿಡೋಣ ಅಂತ ನಿನಗೆ ಒಂದು ಸಲವೂ ಅನ್ನಿಸಲಿಲ್ಲವಾ?