ಸುಣ್ಣದ ಗೆರೆಯ ಆಚೆ ಬದಿ

ಕೆಳಗಿಳಿದ ನೂರ ತೊಂಬತ್ತೆರಡನೇ ವರ್ಷ, ಒಂಬತ್ತನೇ ತಿಂಗಳು, ಮೂವತ್ತೆಂಟನೇ ದಿನ.

ಬಿಸಿಲಿನಲ್ಲಿ ಬದುಕಿದ ಹಿರಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳಿಗೆ ನಲವತ್ತು ದಿನ. ಚಂದ್ರನೇ ಕಾಣದ ಮೇಲೆ ತಿಂಗಳು ಎಷ್ಟು ಉದ್ದವಿದ್ದರೇನು ಎಂದು ನಮ್ಮ ಹಿಂದಿನವರು ಹೀಗೆ ನಿಶ್ಚಯಿಸಿದರಂತೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ಚೆಂಗಮ್ಮ. ವಯಸ್ಸು ಎಪ್ಪತ್ತೊಂಬತ್ತು. ನನ್ನ ನಾಲಿಗೆ ಚೂಪು ಎಂದು ನಮ್ಮ ಸಾಲಿನ ಕೋಣೆಗಳವರೆಲ್ಲ ಆಡಿಕೊಳ್ಳುತ್ತಾರೆ, ಸುಳ್ಳೇನಲ್ಲ. ಮೊನ್ನೆ ಉಸಿರಮ್ಮ ಬಂದಿದ್ದಳು, ಎಂದರೆ ಕೊಳವೆಯಲ್ಲಿ ಊದಿಸಿ ಎದೆಯ ಬಲ ಅಳೆಯುವ ಹೆಂಗಸು. ಇನ್ನೊಂದು ತಿಂಗಳು ಎಂದಳು. ಹಾಗೆ ಹೇಳಿಸಿಕೊಂಡವರು ಹಿಂದಿನವರಿಗೊಂದು ಕಾಗದ ಬರೆಯುವುದು ಇಲ್ಲಿನ ಪದ್ಧತಿ. ಅದನ್ನು ಹೆಣದ ಜೊತೆಗೇ ಇಡುತ್ತಾರೆ. ನಿಮಗೆ ತಲುಪುತ್ತದೋ ಇಲ್ಲವೋ, ಇದುವರೆಗೆ ಯಾರೂ ಉತ್ತರ ಬರೆದಿಲ್ಲ.

ನೀವು ಚಿನ್ನ ತೆಗೆದು ಬಿಟ್ಟುಹೋದ ಗಣಿಯೊಳಗೆ ನಾವಿದ್ದೇವೆ. ಮೇಲೆ ಬಿಸಿಲು ತಾಳಲಾರದಂತಾದಾಗ ನನ್ನ ಅಜ್ಜಿಯ ಅಜ್ಜಿ ಇಲ್ಲಿಗೆ ಇಳಿದಳಂತೆ. ಇಬ್ಬರಿಗೆ ಮೂವರಿಗೆ ಒಂದು ಕೋಣೆ, ಹನ್ನೊಂದು ಅಡಿ ಉದ್ದ, ಏಳು ಅಡಿ ಅಗಲ. ದೀಪದ ಬೆಳಕಿನಲ್ಲಿ ಬೆಳೆದ ರಾಗಿಯ ಮುದ್ದೆ, ಅಣಬೆ ಸಾರು, ಹಬ್ಬಕ್ಕೂ ಅದೇ. ನೀರಿಗೆ ಕಬ್ಬಿಣದ ರುಚಿ. ಗೋಡೆ ಸದಾ ಬೆವರುತ್ತಿರುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಮೇಲುಸರದಿ ಬರುತ್ತದೆ, ಎಂದರೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೊಟ್ಟಿಲಲ್ಲಿ ಕುಳಿತು ಮೇಲೆ ಹೋಗಿ ಮುಂಜಾವಿನ ಒಂದು ಗಂಟೆ ಆಕಾಶ ನೋಡಿ ಬರಬಹುದು. ಈ ಜೀವಮಾನದಲ್ಲಿ ನಾನು ಐದು ಗಂಟೆ ಆಕಾಶ ನೋಡಿದ್ದೇನೆ.

ಆದರೆ ನಿಮ್ಮ ಆಕಾಶಕ್ಕಿಂತ ನಿಮ್ಮ ಬಾಗಿಲುಗಳ ಮೇಲೆ ನನಗೆ ಹೊಟ್ಟೆಕಿಚ್ಚು. ಸಿಟ್ಟು ಬಂದರೆ ನೀವು ಬಾಗಿಲು ದಡಾರನೆ ಹಾಕಿ ಹೊರಟುಬಿಡುತ್ತಿದ್ದಿರಂತೆ. ಬೀದಿ ಸುತ್ತಿ, ಯಾರದೋ ಮನೆಯಲ್ಲಿ ಕಾಫಿ ಕುಡಿದು, ಹೊಟ್ಟೆ ಹಸಿದಾಗ ಮನೆಗೆ ಬರುತ್ತಿದ್ದಿರಂತೆ. ಎಂಥ ಪುಣ್ಯವಂತರು. ಇಲ್ಲಿ ಹೋಗಲು ಇನ್ನೊಂದು ಕೋಣೆಯಿಲ್ಲ. ಇಳಿದ ಮೊದಲ ವರ್ಷಗಳಲ್ಲಿ ಜಗಳಕ್ಕೆ ಹೆಣಗಳೇ ಬಿದ್ದವು. ಆಗ ಹಿರಿಯರು ಮುನಿಸುಗೆರೆಯ ಕಟ್ಟಳೆ ಮಾಡಿದರು. ಮುನಿದವರು ಕೋಣೆಯ ನಡುವೆ ಸುಣ್ಣದ ಗೆರೆ ಎಳೆಯಬೇಕು. ಯಾರೂ ದಾಟಬಾರದು, ಮಾತಾಡಬಾರದು, ಆಚೆಯವರ ಸೇವೆ ಮಾಡಬಾರದು, ಮಾಡಿಸಿಕೊಳ್ಳಬಾರದು. ನೆಲದ ತೇವಕ್ಕೆ ಗೆರೆ ಒಂದೇ ದಿನದಲ್ಲಿ ಕರಗುವುದರಿಂದ ದಿನವೂ ಎಳೆಯಬೇಕು. ಅಳಿಸುವ ಹಕ್ಕು ಎಳೆದವರದೇ, ಅದೂ ಸ್ವಂತ ಅಂಗೈಯಿಂದ. ಅಳಿಸದೆ ಸತ್ತರೆ ಗೆರೆ ವಾರಸುದಾರರಿಗೆ ಹೋಗುತ್ತದೆ.

ನನ್ನ ಗೆರೆಗೆ ಮೂವತ್ತೊಂದು ವರ್ಷ. ಆಚೆ ಬದಿಯಲ್ಲಿರುವವಳು ನನ್ನ ತಂಗಿ ಬಯ್ಯಮ್ಮ.

ನಮ್ಮಮ್ಮ ಹಾಸಿಗೆ ಹಿಡಿದಿದ್ದ ವರ್ಷ ನನಗೆ ಮೇಲುಸರದಿ ಬಂತು. ಅದನ್ನು ಅಮ್ಮನಿಗೆ ಬಿಟ್ಟುಕೊಟ್ಟೆ. ಸಾಯುವ ಮುಂಚೆ ಒಮ್ಮೆ ಮೇಲಿನ ಗಾಳಿ ಸೋಕಲಿ ಎಂದು ಅವಳನ್ನು ಬೆನ್ನ ಮೇಲೆ ಹೊತ್ತು ತೊಟ್ಟಿಲ ಬಾಯಿಯವರೆಗೂ ಹೋದೆ. ಆದರೆ ಬಯ್ಯಮ್ಮ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕಾವಲಿನವನಿಗೆ "ನಮ್ಮಮ್ಮಂಗೆ ಕೆಮ್ಮೈತೆ" ಎಂದು ಹೇಳಿಬಿಟ್ಟಿದ್ದಳು. ಕೆಮ್ಮುವವರನ್ನು ಮೇಲೆ ಬಿಡುವುದಿಲ್ಲ. ಅಮ್ಮನನ್ನು ಹೊತ್ತುಕೊಂಡೇ ವಾಪಸು ಬಂದೆ. ಒಂಬತ್ತನೇ ದಿನಕ್ಕೆ ಅವಳು ಈ ಬೆವರುವ ಚಾವಣಿಯನ್ನೇ ನೋಡುತ್ತ ಹೋದಳು. ಯಾಕೆ ಹೇಳಿದೆ ಎಂದು ನಾನು ಕೇಳಲಿಲ್ಲ. ಬಟ್ಟಲು ತುಂಬ ಸುಣ್ಣ ಕಲಸಿದೆ.

ಅಂದಿನಿಂದ ನಲ್ಲಿ ಅವಳ ಬದಿಗೆ, ಗಾಳಿಕಿಂಡಿ ನನ್ನ ಬದಿಗೆ. ನನಗೆ ನೀರು ತಂದುಕೊಡಲು ಮೊದಲು ನನ್ನ ಮಗಳು ಬರುತ್ತಿದ್ದಳು, ಅವಳು ಹೋದ ಮೇಲೆ ಮೊಮ್ಮಗಳು ರೇವಿ. ಬಯ್ಯಮ್ಮ ಸೀನಿದರೆ ಶಬ್ದ ನನ್ನ ಕಿವಿಗೇ, ನನ್ನ ಗೊರಕೆ ಅವಳ ಕಿವಿಗೇ. ಅವಳು ಕುಡಿಯುವ ಸಾರಿನಲ್ಲಿ ಹುಳಿ ಹೆಚ್ಚಾದರೆ ವಾಸನೆಯಲ್ಲೇ ನನಗೆ ಗೊತ್ತಾಗುತ್ತಿತ್ತು, ಹೇಳುವಂತಿರಲಿಲ್ಲ. ಗಂಡನ ಜೊತೆಗೂ ನಾನು ಇಷ್ಟು ವರ್ಷ ಬಾಳಲಿಲ್ಲ.

ರೇವಿಗೆ ಈ ಚಿಕ್ಕಜ್ಜಿ ಎಂದರೆ ಪ್ರಾಣ. ತಾಯಿ ಸತ್ತಾಗ ಅವಳ ತಲೆ ಬಾಚಿದ್ದು, ಅಕ್ಷರ ತಿದ್ದಿಸಿದ್ದು ಎಲ್ಲ ಬಯ್ಯಮ್ಮನೇ. ನಾನು ಗೆರೆ ಉಳಿಸಿ ಸತ್ತರೆ ಮರುದಿನ ಸುಣ್ಣದ ಬಟ್ಟಲು ರೇವಿಯ ಕೈಗೆ. ಆ ಮುದುಕಿಯ ಜೊತೆ ಅವಳು ಮಾತು ಬಿಡಬೇಕು. ನಾನು ಎಳೆದದ್ದನ್ನು ಅವಳು ಅಳಿಸುವಂತಿಲ್ಲ. ಇದು ಗೊತ್ತಿದ್ದೂ ನಾನು ಗಟ್ಟಿ ಕುಳಿತಿದ್ದೆ. ಅಮ್ಮನ ಪರವಾಗಿ ಸಿಟ್ಟಾಗಲು ನನ್ನನ್ನು ಬಿಟ್ಟರೆ ಇನ್ಯಾರಿದ್ದಾರೆ ಎನ್ನುವುದು ನನ್ನ ವಾದ.

ಎರಡು ತಿಂಗಳಿಂದ ನನಗೆ ಬಗ್ಗಲು ಆಗುತ್ತಿಲ್ಲ. ಆದರೂ ಗೆರೆ ಮಾಸಲಿಲ್ಲ. ಈ ಸಲದ ಸುಣ್ಣ ಒಳ್ಳೆಯದು ಎಂದುಕೊಂಡು ಸುಣ್ಣದವನನ್ನು ಕರೆಸಿ ಹೊಗಳಿದೆ ಕೂಡ. ಅವನು ಮಿಕಮಿಕ ನೋಡಿ ಹೋದ. ಎಂಟು ದಿನಕ್ಕೊಮ್ಮೆ ಗೆರೆ ನೋಡುವ ಮೇಸ್ತ್ರಿ ಬರುತ್ತಾನೆ. ಗೆರೆ ಮಾಸಿದ್ದರೆ ಎಳೆದವರಿಗೆ ಕೈಲಾಗದು ಎಂದರ್ಥ. ಗೆರೆಯಾಚೆ ಇರುವವರು ನೋಡಿಕೊಳ್ಳುವಂತಿಲ್ಲವಲ್ಲ, ಹಾಗಾಗಿ ಅಂಥವರನ್ನು ಕೆಳಗಿನ ತಂಗುಸಾಲಿಗೆ ಸಾಗಿಸುತ್ತಾರೆ. ಅಲ್ಲಿ ಕಾವಲಿಯಂಥ ಕಾವು, ಹೋದವರು ಮತ್ತೆ ತಮ್ಮ ಮಂಚಕ್ಕೆ ಬಂದದ್ದಿಲ್ಲ. ಮೇಸ್ತ್ರಿ ಬಂದಾಗಲೆಲ್ಲ ಬಗ್ಗಿ ನೋಡಿ, "ಅಜ್ಜಿ ಕೈ ಇನ್ನೂ ಗಟ್ಟಿ ಐತೆ ಬುಡು" ಎಂದು ಹೋಗುತ್ತಿದ್ದ. ನಾನೂ ಬೀಗುತ್ತಿದ್ದೆ.

ಇವತ್ತು ಮಧ್ಯಾಹ್ನ, ಸಾಲಿನವರೆಲ್ಲ ರಾಗಿ ತೆನೆ ಕೊಯ್ಯಲು ಹೋಗಿದ್ದ ಹೊತ್ತು, ನಾನು ಕಣ್ಣು ಮುಚ್ಚಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ. ಬಯ್ಯಮ್ಮ ಸುಣ್ಣದ ಬಟ್ಟಲು ಹಿಡಿದು, ಸೊಂಟ ಒತ್ತಿಕೊಳ್ಳುತ್ತ ನೆಲಕ್ಕೆ ಕುಳಿತಳು. ತನ್ನ ಬದಿಯಿಂದಲೇ ಕೈ ಚಾಚಿ ನನ್ನ ಗೆರೆ ಎಳೆಯತೊಡಗಿದಳು. ನನ್ನ ಮಂಚದ ಕಾಲಿನ ಬಳಿ ಯಾವಾಗಲೂ ನನ್ನ ಕೈ ನಡುಗಿ ಗೆರೆ ವಾಲುತ್ತಿತ್ತು. ಅಲ್ಲಿಗೆ ಬಂದಾಗ ಅವಳು ತನ್ನಷ್ಟಕ್ಕೆ ಗೊಣಗಿದಳು: "ಇಲ್ಲಿ ಒಸಿ ಸೊಟ್ಟ ಮಾಡ್ಬೇಕು. ನೆಟ್ಟಗಿದ್ರೆ ಅಕ್ಕಂದಲ್ಲ ಅಂತ ಮೇಸ್ತ್ರಿಗೆ ಗೊತ್ತಾಗ್ಬುಡ್ತದೆ." ಎಳೆದು, ಗೋಡೆ ಹಿಡಿದು ಎದ್ದು, ಕೈ ತೊಳೆದುಕೊಂಡಳು.

ಆಗಿನಿಂದ ನನ್ನ ಸಿಟ್ಟನ್ನು ಹುಡುಕುತ್ತಿದ್ದೇನೆ. ಅಮ್ಮನ ಮುಖ ನೆನೆದೆ, ತೊಟ್ಟಿಲ ಬಾಯಿ ನೆನೆದೆ, ಕಾವಲಿನವನ ಮೋರೆ ನೆನೆದೆ. ದುಃಖ ಬಂತು, ಚೆನ್ನಾಗಿ ಅತ್ತೆ. ಸಿಟ್ಟು ಮಾತ್ರ ಬರಲಿಲ್ಲ. ಅದು ಯಾವಾಗ ಹೋಯಿತೋ ನನಗೇ ತಿಳಿಯದು. ಇಷ್ಟು ವರ್ಷ ಸುಣ್ಣ ಮಾತ್ರ ಕಲಸುತ್ತಿದ್ದೆನೋ ಏನೋ. ಅವಳು ಮಾಡಿದ್ದು ಸರಿ ಎಂದು ಈಗಲೂ ನಾನು ಹೇಳುವುದಿಲ್ಲ. ಯಾಕೆ ಮಾಡಿದೆ ಎಂದು ಕೇಳುತ್ತೇನೋ ಇಲ್ಲವೋ. ಅವಳು ಉತ್ತರ ಕೊಡದಿದ್ದರೂ ನನಗೆ ನಡೆಯುತ್ತದೆ.

ನಾಳೆ ಅಳಿಸಬೇಕು. ನೆಲಕ್ಕೆ ಹೇಗೋ ಇಳಿದೇನು, ಆದರೆ ಮತ್ತೆ ಏಳಲಾರೆ. ಅದೊಂದೇ ನಾಚಿಕೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮಗೆ ಬಾಗಿಲುಗಳಿವೆ, ಸಿಟ್ಟು ಬಂದರೆ ಧಾರಾಳವಾಗಿ ಹೊರಗೆ ಹೋಗಿ. ಊಟದ ಹೊತ್ತಿಗೆ ಮಾತ್ರ ಮನೆಗೆ ಬನ್ನಿ.

ಮೂವತ್ತೊಂಬತ್ತನೇ ದಿನ.

ಕಾಗದ ಮಡಿಚಿಟ್ಟಿದ್ದೆ, ಮತ್ತೆ ಬಿಡಿಸಿದೆ. ಮಧ್ಯಾಹ್ನ ಅವಳು ಬಟ್ಟಲಿಗೆ ಕೈ ಹಾಕಿದ್ದನ್ನು ನೋಡಿಯೇ ನಾನು ಮಂಚದಿಂದ ಜಾರಿ ಕೆಳಗೆ ಕುಳಿತೆ. ಅವಳು ಸಿಕ್ಕಿಬಿದ್ದ ಕಳ್ಳಿಯ ಹಾಗೆ ಅಲ್ಲೇ ನಿಂತಳು. ಗೋಡೆಯಿಂದ ಮಂಚದ ಕಾಲಿನವರೆಗೆ ತೆವಳಿಕೊಂಡೇ ಅಂಗೈಯಿಂದ ಒರೆಸಿದೆ. ಸೊಟ್ಟ ಭಾಗ ಕೊನೆಗೆ ಉಳಿದಿತ್ತು, ಅದನ್ನೂ ಒರೆಸಿದೆ. ಮೊಣಕಾಲು ಹಿಡಿದುಕೊಂಡಿತು. ಗೋಡೆ ನೋಡುತ್ತಲೇ, "ಬಯ್ಯಿ, ಎತ್ತೇ ನನ್ನ" ಎಂದೆ.

ಮೂವತ್ತೊಂದು ವರ್ಷದ ಮೇಲೆ ನನ್ನ ತಂಗಿ ನನ್ನೊಡನೆ ಆಡಿದ ಮೊದಲ ಮಾತು ಇದು:

"ಇರಕ್ಕ, ಕೈಯೆಲ್ಲ ಸುಣ್ಣ."