ಕೋಡಿಯ ತನಕ ಹಾಸಿದ ದಾರಿ

ನವೆಂಬರ್ ೧೯, ಮಂಗಳವಾರ

ಕಾಫಿ ಆಯಿತು. ಮಂಡಿಗೆ ಎಣ್ಣೆ ತಿಕ್ಕಿದ್ದೂ ಆಯಿತು. ಸೊಸೆ ಉಷಾರಾಣಿ ಆಗಲೇ ಪಂಚಾಯ್ತಿಗೆ ಹೊರಟಳು. ಮೆಂಬರ್ ಆದಾಗಿನಿಂದ ಅವಳ ಕಾಲು ಹೊಸ್ತಿಲ ಒಳಗೆ ನಿಂತದ್ದನ್ನು ನಾನು ಕಂಡಿಲ್ಲ.

ಕೆರೆ ಏರಿಯ ಮೇಲೆ ಸರ್ಕಾರದ ಗ್ರಾಂಟಿನಲ್ಲಿ ಪಾರ್ಕು, ವಾಕಿಂಗ್ ಟ್ರ್ಯಾಕು. ಸಿಮೆಂಟ್ ಕಲ್ಲು ಜೋಡಿಸಿ ಕೋಡಿಯ ತನಕ ಹಾಸಿದ್ದಾರೆ. ಕೆರೆ ತುಂಬಿದಾಗ ನೀರು ಹೊರಬೀಳುವ ಆ ಕೋಡಿಯ ಹತ್ತಿರ ಕಲ್ಲು ಮುಗಿದಿದೆ, ಮುಂದೆ ಏನೂ ಇಲ್ಲ. ಬೆಂಚು ಹಾಕಿದ್ದಾರೆ. ಒಂದು ಬೋರ್ಡೂ ಇದೆ. ಕನ್ನಡಕ ಇಲ್ಲದೆ ಕೂಡಿಸಿ ಕೂಡಿಸಿ ಓದಿದೆ. ದನ ಬಿಡಬಾರದು, ಬಟ್ಟೆ ಒಗೆಯಬಾರದು, ಉಗುಳಬಾರದು. ಉಸಿರು ಬಿಡಬಹುದೋ ಇಲ್ಲವೋ ಬರೆದಿಲ್ಲ.

"ನಡೆಯಕ್ಕೂ ಸರ್ಕಾರ ದುಡ್ಡು ಕೊಡ್ಬೇಕೇನವ್ವ? ನಿಮ್ಮಾವ ಸಾಯೋಗಂಟ ಬದದ ಮೇಲೇ ನಡುದ್ರು" ಅಂದೆ.

"ಗ್ರಾಮಸಭೇಲಿ ಎಲ್ಲಾನೂ ಹೇಳಿದ್ದೆ ಕಣತ್ತೆ. ನೀವು ತೂಕಡಿಸ್ತಾ ಕುಂತಿದ್ರಿ."

ನಾಲಿಗೆ ಬೆಳೆದಿದೆ. ಬೆಳೆಯಲಿ. ನನ್ನದರಷ್ಟು ಬೆಳೆಯಲು ಇನ್ನೂ ವರ್ಷಗಳು ಬೇಕು.

ನವೆಂಬರ್ ೨೩, ಶನಿವಾರ

ರಾಗಿ ಮಿಷನ್‌ನಲ್ಲಿ ಬಡಿಸಿದ್ದಾಯಿತು. ಹಸಿ ಇದೆ, ಹೊಟ್ಟೂ ಇದೆ. ಮಗ ಮಲ್ಲೇಶ ಒಣಗಲು ಟಾರು ರೋಡಿನಲ್ಲಿ ಹಾಕೋಣ ಅಂದ. ಲಾರಿಯ ಹೊಗೆ ಕುಡಿದ ರಾಗಿಯಲ್ಲಿ ಮುದ್ದೆ ಮಾಡಿ ಅವನಿಗೇ ಹಾಕಬೇಕು.

ಏರಿಯ ಮೇಲೆ ನಿಂತು ನೋಡಿದೆ. ಎಂಥ ಗಾಳಿ! ಎಂಥ ನೆಲ! ಸಾರಿಸುವುದು ಬೇಡ, ಗುಡಿಸಿದರೆ ಸಾಕು. ಪುಟ್ಟಲಕ್ಷ್ಮಿ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಹೋಗುತ್ತಿದ್ದಳು. ಕೋಡಿಯಾಚೆಯವಳು, ದಿನಾ ಅದನ್ನು ದಾಟಿಯೇ ಡೈರಿಗೆ ಬರಬೇಕು. ಚಿಕ್ಕಂದಿನಿಂದ ನನ್ನ ಜೊತೆಗಾತಿ.

"ನೀಲಕ್ಕ, ಇಲ್ಲಿ ಕಣ ಮಾಡ್ತೀಯಾ? ಬಯ್ಯಲ್ವಾ ಯಾರೂ?"

"ಬಯ್ಯೋಕೆ ನನಗಿಂತ ಚೆನ್ನಾಗಿ ಬರೋರು ಯಾರಿದ್ದಾರೆ ಈ ಊರಲ್ಲಿ?"

ನಕ್ಕಳು. ಹಲ್ಲಿಲ್ಲದ ನಗು, ಮಗುವಿನ ಹಾಗೆ.

ನವೆಂಬರ್ ೨೫, ಸೋಮವಾರ, ಸಂಜೆ

ಸಿಟ್ಟು ಇನ್ನೂ ಇಳಿದಿಲ್ಲ. ಸಾಹೇಬರ ಮೇಲೋ, ನನ್ನ ಮೇಲೋ.

ನಾನು ರಾಗಿ ಹಾಕಿದ್ದು ನೋಡಿ ಪಕ್ಕದ ಮನೆಯ ನಂಜಣ್ಣ ಹಾಕಿದ, ಎದುರುಮನೆಯ ಚಾಮುಂಡಮ್ಮ ಹಾಕಿದಳು. ಟ್ರ್ಯಾಕು ತುಂಬ ರಾಗಿ. ಕಡೇ ಕಾರ್ತಿಕ ಸೋಮವಾರ ಅಂತ ಇವತ್ತೇ ರಾಶಿ ಮಾಡಿದೆ. ಮೇಲೆ ಸಗಣಿಯ ಬೆನಕ, ಗರಿಕೆ, ತುಂಬೆ ಹೂವು. ಕಾಯಿ ಒಡೆದು ಕೈ ಮುಗಿಯುತ್ತಿದ್ದೇನೆ — ಜೀಪು. ಮೈಸೂರಿನಿಂದ ಗ್ರಾಂಟಿನ ಸಾಹೇಬರು, ಟ್ರ್ಯಾಕ್ ನೋಡಲು. ಹೇಳದೆ ಕೇಳದೆ.

ಬೆನಕ ಇಟ್ಟ ರಾಶಿಯನ್ನು ಅಳೆದು ಮುಗಿಸುವ ತನಕ ದಾಟುವಂತಿಲ್ಲ. ಮೆಟ್ಟು ಹಾಕಿಕೊಂಡು ಹತ್ತಿರವೂ ಬರುವಂತಿಲ್ಲ. ನನ್ನ ಅತ್ತೆ ಹೇಳಿದ್ದು, ಅವರಿಗೆ ಅವರತ್ತೆ. ಹಾಗೇ ಅಂದೆ.

"ಬೂಟು ಬುಟ್ಟು ಬನ್ನಿ ಸಾಮಿ. ಬಂದ್ರೂ ದಾಟಂಗಿಲ್ಲ. ನಾಳೆ ಬನ್ನಿ."

"ಅಜ್ಜಿ, ಇದು ಸಾರ್ವಜನಿಕರ ದಾರಿ."

"ನಾನೇನು ಸಾರ್ವಜನಿಕ ಅಲ್ವಾ? ದನ ಅಂದ್ಕೊಂಡ್ರಾ?"

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಫೋಟೋ ತೆಗೆದುಕೊಂಡು ಹೋದರು. ಉಷಾರಾಣಿ ಓಡಿ ಬರುವಷ್ಟರಲ್ಲಿ ಜೀಪಿನ ಧೂಳು ಮಾತ್ರ. ಫೋನು ತೆಗೆದು ಪಂಚಾಯ್ತಿಯ ಕಡೆಗೇ ತಿರುಗಿದಳು.

ನವೆಂಬರ್ ೨೬

ಊಟಕ್ಕೆ ಕೂತಾಗ ಉಷಾರಾಣಿ ಹೇಳಿದಳು. ಗ್ರಾಂಟು ಎರಡು ಕಂತಿನಲ್ಲಿ ಬರುವುದಂತೆ. ಮೊದಲನೆಯದಕ್ಕೆ ಕಲ್ಲು, ಬೆಂಚು. ಎರಡನೆಯದಕ್ಕೆ ಕೋಡಿಯ ಮೇಲೊಂದು ಕಾಲುಸೇತುವೆ. ಟ್ರ್ಯಾಕಿನಲ್ಲಿ ಜನ ಓಡಾಡುತ್ತಾರೆ ಎಂದು ಸಾಹೇಬರು ಬರೆದರೆ ಎರಡನೆಯದು. ಅವರು ಬರೆದದ್ದು — ಜನ ಇದನ್ನು ಕಣ ಮಾಡಿಕೊಂಡಿದ್ದಾರೆ, ಮುಂದಿನ ಹಣ ತಡೆಯಿರಿ.

"ಸೇತುವೆ ಅಂತ ಬಾಯ್ಬುಟ್ಟು ಹೇಳಕ್ಕಾಗ್ಲಿಲ್ವಾ ನಿಂಗೆ?" ಅಂದೆ.

"ಹೇಳ್ದೆ. ಸಭೇಲಿ ತೂಕಡಿಸ್ತಿದ್ರಿ, ಮನೇಲಿ ಪಾರ್ಕು ಅನ್ನೋದ್ನ ಕೇಳಿ ನಗ್ತಾ ಇದ್ರಿ."

ತಟ್ಟೆ ತಳ್ಳಿ ಎದ್ದು ಕೈ ತೊಳೆದೆ.

ಡಿಸೆಂಬರ್ ೩, ಮಂಗಳವಾರ

ಎಲ್ಲೋ ಸಮುದ್ರದಲ್ಲಿ ಚಂಡಮಾರುತವಂತೆ. ಇಲ್ಲಿ ಮೂರು ದಿನದಿಂದ ಮಳೆ. ಕೆರೆ ಕೋಡಿ ಬಿದ್ದಿದೆ. ಕೂತಲ್ಲಿ ಕೂರಲಾಗದೆ ಗೋಣಿ ಹೊದ್ದು ಕೋಡಿಯ ಹತ್ತಿರಕ್ಕೆ ಹೋದೆ.

ಆಚೆ ದಡದಲ್ಲಿ ಪುಟ್ಟಲಕ್ಷ್ಮಿ. ತಲೆಯ ಮೇಲೆ ಕ್ಯಾನು. ನೀರು ಮಂಡಿಯ ಮೇಲಕ್ಕೆ. "ಬರ್ಬ್ಯಾಡ ಕಣೇ!" ಕೂಗಿದೆ. ಬಂದಳು. ನಡುವೆ ಪಾಚಿಗಲ್ಲು — ಕಾಲು ಜಾರಿತು. ಕ್ಯಾನು ತೇಲಿತು. ಅವಳು ಬಗ್ಗಿ ಕಲ್ಲು ಹಿಡಿದುಕೊಂಡು ಹಿಂದಕ್ಕೇ ತೆವಳಿದಳು. ನಾನು ಈ ದಡದಲ್ಲಿ, ಹೊಸ ಕಲ್ಲಿನ ಮೇಲೆ ನಿಂತಿದ್ದೆ. ನಿಂತೇ ಇದ್ದೆ.

"ಸಾಕು ಕಣಕ್ಕ" ಎಂದು ಆಚೆಯಿಂದ ಕೂಗಿದಳು. "ಹಸ ಮಾರ್ಬುಡ್ತೀನಿ. ಕೆ.ಆರ್. ನಗರಕ್ಕೆ ಮಗಳ ಮನೆಗೆ ಹೊಂಟೋಯ್ತೀನಿ."

ರೋಡಿನಲ್ಲಿ ಸುತ್ತಿ ಬರುವಷ್ಟರಲ್ಲಿ ಡೈರಿ ಬಾಗಿಲು ಹಾಕುತ್ತದೆ. ಅಳಿಯ ಅವಳನ್ನು ಎಂಟು ದಿನ ಇಟ್ಟುಕೊಳ್ಳುತ್ತಾನೆ, ಒಂಬತ್ತನೆಯ ದಿನ ತಟ್ಟೆ ಕುಕ್ಕುತ್ತಾನೆ. ಅವಳಿಗೂ ಗೊತ್ತು.

ಡಿಸೆಂಬರ್ ೫, ಗುರುವಾರ

ಉಷಾರಾಣಿಯ ಜೊತೆ ಹುಣಸೂರಿಗೆ ಹೋದೆ. ಸಾಹೇಬರು ಅಲ್ಲಿ ಮೀಟಿಂಗಿಗೆ ಬಂದಿದ್ದರು. "ನೀವು ಬಾಯಿ ತೆಗೀಬ್ಯಾಡಿ ಅತ್ತೆ" ಎಂದು ಬಸ್ಸಿನಲ್ಲಿ ಪಾಠ. ಬಾಗಿಲಲ್ಲೇ ತೆಗೆದೆ.

"ಸಾಮಿ, ರಾಗಿ ಹಾಕಿದ್ದು ನಾನು. ಅವಳಲ್ಲ. ಬಯ್ಯೋದಿದ್ರೆ ನನ್ನ ಬಯ್ರಿ, ಸೇತುವೆ ನಿಲ್ಲಿಸಬೇಡಿ."

ಕುರ್ಚಿ ಕೊಟ್ಟರು. ಕೆಟ್ಟವರಲ್ಲ. "ಅಜ್ಜಿ, ನಡೆಯೋಕೆ ಅಂತ ಬಂದ ದುಡ್ಡಿದು. ಯಾರೂ ನಡೆಯದ ಟ್ರ್ಯಾಕಿಗೆ ಸೇತುವೆ ಯಾಕೆ ಅಂತ ನನ್ನ ಮೇಲಿನವರು ಕೇಳ್ತಾರೆ. ಮಾರ್ಚ್ ಕಳೆದ್ರೆ ಹಣ ವಾಪಸ್. ಹದಿಮೂರನೇ ತಾರೀಕು ಬರ್ತೀನಿ. ಜನ ನಡೀತಿರಬೇಕು. ರಾಗಿ ಇರಬಾರದು, ದನ ಇರಬಾರದು."

ಬಸ್ಸಿನಲ್ಲಿ ಉಷಾರಾಣಿ ಕಡಲೆಕಾಯಿ ಕೊಡಿಸಿದಳು. ಬಾಯಿ ಮುಚ್ಚಿಸಲು ಇರಬೇಕು.

ಡಿಸೆಂಬರ್ ೯, ಸೋಮವಾರ

ಮಳೆ ನಿಂತ ಮೇಲೆ ಟ್ರ್ಯಾಕಿನಲ್ಲಿ ಎಲ್ಲರೂ ಮತ್ತೆ ಒಣಹಾಕಿದ್ದ ರಾಗಿ ಎತ್ತಿಸಿದೆ. ನಂಜಣ್ಣ ಮೊದಲು ಎತ್ತಲಿಲ್ಲ. "ಮೊದ್ಲು ಹಾಕಿದ್ದು ನೀನೇ ಕಣಕ್ಕ" ಅಂದ. ಅವನ ರಾಗಿ ನಾನೇ ಗೋರಿದೆ. ನಾಚಿ ಬಂದು ಗೋಣಿ ಹಿಡಿದ.

ನಡೆಸುವುದೇ ಕಷ್ಟ. ಹೆಂಗಸರು ಬರುತ್ತಾರೆ, ಬರಿಗೈಲಿ ಬರುವುದಿಲ್ಲ. ಚಾಮುಂಡಮ್ಮ ಕುಡುಗೋಲು ಹಿಡಿದು ಬಂದಳು.

"ಅದ್ಯಾಕೆ? ಸಾಹೇಬರ ಕತ್ತು ಕುಯ್ಯಕ್ಕಾ?"

"ಸುಮ್ನೆ ಕೈ ಬೀಸ್ಕೊಂಡು ಹೋದ್ರೆ ಜನ ಏನಂತಾರೆ ನೀಲಕ್ಕ? ಮನೇಲಿ ಕೆಲಸ ಇಲ್ವಾ ಅಂತಾರೆ."

ನಿಜ. ನನಗೂ ಹಾಗೇ ಆಯಿತು. ಸುಮ್ಮನೆ ಹೋಗಿ ಸುಮ್ಮನೆ ಬರುವುದು. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಸೆರಗು ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ. ಇಷ್ಟು ವಯಸ್ಸಾದ ಮೇಲೆ ಕಳ್ಳಿಯ ಹಾಗೆ ನಡೆದೆ. ಮೊಮ್ಮಗಳು ವಾಣಿ ಮೊಬೈಲಿನಲ್ಲಿ ಹಿಡಿದು ಬಿದ್ದು ಬಿದ್ದು ನಕ್ಕಳು.

ಕೋಡಿ ಇನ್ನೂ ಹರಿಯುತ್ತಿದೆ. ಆಚೆ ದಡದಲ್ಲಿ ಯಾರೂ ಇರಲಿಲ್ಲ.

ಡಿಸೆಂಬರ್ ೧೨, ಗುರುವಾರ

ಬೆಳಿಗ್ಗೆ ಸುದ್ದಿ ಬಂತು. ದಲ್ಲಾಳಿ ಪುಟ್ಟಲಕ್ಷ್ಮಿಯ ಹಸುವಿಗೆ ಬೆಲೆ ಕಟ್ಟಿ ಹೋಗಿದ್ದಾನೆ, ನಾಳೆ ಹೊಡೆದುಕೊಂಡು ಹೋಗುತ್ತಾನೆ. ಮಲ್ಲೇಶನ ಬೈಕ್ ಹತ್ತಿ ರೋಡು ಸುತ್ತಿ ಹೋದೆ. ಸೊಂಟ ಕಳಚಿತು.

"ಕೊಡಲ್ಲ ಅನ್ನು ಅವನಿಗೆ. ಸೇತುವೆ ಆಗೋಗಂಟ ಹಸ ನನ್ನ ಕೊಟ್ಟಿಗೇಲಿರ್ಲಿ. ಹಾಲು ನಿನ್ನ ಹೆಸರಲ್ಲೇ ಹಾಕ್ತೀನಿ."

"ಆಗದೇ ಹೋದ್ರೆ?"

ನಾನು ಗೂಟದ ಹತ್ತಿರ ಹೋಗಿ ಹಸುವಿನ ಬೆನ್ನು ಸವರಿದೆ. ಅವಳೇ ಹಗ್ಗ ಬಿಚ್ಚಿ ಕೊಟ್ಟಳು. ಕೊಟ್ಟು ಒಳಗೆ ಹೋದಳು, ಹೊರಗೆ ಬರಲಿಲ್ಲ.

ಮಲ್ಲೇಶ ಹಸು ಹೊಡೆದುಕೊಂಡು ಬಂದ. ಮೇವು ಮುಟ್ಟುತ್ತಿಲ್ಲ. ಸಂಜೆ ಕರೆಯಲು ಕೂತೆ, ಒದೆಯಿತು. ಕೆಚ್ಚಲು ಬಿಗಿದಿದೆ. ಒಂದು ಹನಿ ಇಳಿಸಲಿಲ್ಲ.

ಡಿಸೆಂಬರ್ ೧೩, ಶುಕ್ರವಾರ, ಬೆಳಿಗ್ಗೆ

ಬೆಳಗಾಗುತ್ತಲೇ ಹಸುವನ್ನು ಕೋಡಿಯ ಹತ್ತಿರಕ್ಕೆ ಹೊಡೆದುಕೊಂಡು ಹೋದೆ. ಬೇರೇನೂ ತೋಚಲಿಲ್ಲ. ಕಡೆಯ ಬೆಂಚಿಗೆ ಕಟ್ಟಿದೆ. ಆಚೆಯಿಂದ ಪುಟ್ಟಲಕ್ಷ್ಮಿ "ಗೌರೀ, ಬಾ ಬಾ" ಎಂದು ಕೂಗಿದಳು. ಹಸು ಕಿವಿ ನಿಮಿರಿಸಿ ನಿಂತಿತು. ಅವಳು ಅಲ್ಲಿಂದ ಮಾತಾಡುತ್ತಲೇ ಇದ್ದಳು, ನಾನು ಇಲ್ಲಿ ಕೆಚ್ಚಲಿಗೆ ಕೈ ಹಾಕಿದೆ. ಸೊರ್ರ್ ಎಂದು ಇಳಿಯಿತು. ಡೈರಿಗೆ ಹಾಕಿ ಬಂದೆ.

ಹಸು ಅಲ್ಲೇ ಇದೆ. ಅವಳೂ ಅಲ್ಲೇ. ಟ್ರ್ಯಾಕಿನ ಮೇಲೆ ಸಗಣಿ ಬಿದ್ದಿದೆ.

ಸಾಹೇಬರ ಜೀಪು ಬಂತು. ಪಂಚಾಯ್ತಿಯಲ್ಲಿ ಕಾಫಿ ಕುಡಿಯುತ್ತಿದ್ದಾರೆ. ಹೆಂಗಸರು ಆಗಲೇ ನಡೆಯುತ್ತಿದ್ದಾರೆ, ಚಾಮುಂಡಮ್ಮನೂ ಬರಿಗೈಲಿ. ಉಷಾರಾಣಿ ಏದುಸಿರು ಬಿಡುತ್ತಾ ಬಂದಳು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಹಸ ಬಿಚ್ರಿ. ದನ ಇರಬಾರ್ದು ಅಂದವ್ರೆ. ಬರೆದುಬುಟ್ರೆ ಮುಗೀತು."

ಬಿಚ್ಚುವುದೇ ಸರಿ. ನನ್ನಿಂದಲೇ ಒಮ್ಮೆ ಕೆಟ್ಟಿದೆ, ಎರಡನೆಯ ಸಲ ಕೆಟ್ಟರೆ ಸೊಸೆಯ ಮುಖ ಹೇಗೆ ನೋಡಲಿ. ಆದರೆ ಬಿಚ್ಚಿದರೆ ಸಾಹೇಬರು ಏನು ನೋಡುತ್ತಾರೆ? ಕೈ ಬೀಸುವ ಹೆಂಗಸರನ್ನು. ನಾಲ್ಕು ಹೆಜ್ಜೆ ನಡೆದು ತಿರುಗಿ ಹೋಗುತ್ತಾರೆ. ಕೋಡಿಯ ತನಕ ಯಾಕೆ ಬರುತ್ತಾರೆ?

"ಬಿಚ್ಚಲ್ಲ ಕಣೆ" ಅಂದೆ. "ಸಗಣಿ ನಾನೇ ಬಾಚ್ತೀನಿ. ಹಸ ಅಲ್ಲೇ ಇರ್ಲಿ. ಯಾರ ಹಸ ಅಂತ ಕೇಳ್ತಾರಲ್ಲ, ಆಗ ಆಚೆ ದಡ ತೋರುಸ್ತೀನಿ."

ಉಷಾರಾಣಿ ನನ್ನನ್ನೇ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂಲೆಯ ಮಂಕರಿ ಬುಟ್ಟಿ ತೆಗೆದುಕೊಂಡಳು. ಸಗಣಿ ಬಾಚಲು.

ಕರೆಯುತ್ತಿದ್ದಾರೆ. ಜೀಪು ಏರಿಯ ಕಡೆ ತಿರುಗಿತಂತೆ. ನಾನೇ ಮುಂದೆ ನಡೆದು ಕೋಡಿಯ ತನಕ ಅವರನ್ನು ಕರೆದುಕೊಂಡು ಹೋಗಬೇಕು. ಮಿಕ್ಕಿದ್ದು ಬಂದು ಬರೆಯುತ್ತೇನೆ.